ಸಾಕ್ಷಿ ಉತ್ತರಿಸಲಿಲ್ಲ

ಹೊಸ ಶತಮಾನ ಶುರುವಾದ ಹೊತ್ತಿಗೆ ನಾನು ಕಲ್ಯಾಣದುರ್ಗದ ಕೋರ್ಟಿನಲ್ಲಿ ಟೈಪಿಸ್ಟನಾಗಿದ್ದೆ. ಮನೆ ಹಿಂದೂಪುರದಲ್ಲಿ. ಹೆಂಡತಿ ಅಲ್ಲಿಯ ಶಾಲೆಯೊಂದರಲ್ಲಿ ಟೀಚರಾಗಿದ್ದಳು, ಅವಳು ಬರುವ ಹಾಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಮಾಡಿಕೊಂಡು ನಾನೊಬ್ಬನೇ ಇರುತ್ತಿದ್ದೆ. ಶನಿವಾರ ಸಂಜೆ ಪಾವಗಡದ ಬಸ್ಸು ಹತ್ತಿ, ಅಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದು ಹಿಂದೂಪುರ ಸೇರುವುದು, ಸೋಮವಾರ ಬೆಳಗಿನ ಜಾವ ಅದೇ ದಾರಿಯಲ್ಲಿ ವಾಪಸ್ಸು. ವಾರಕ್ಕೆ ಎರಡು ಸಲ ಆಂಧ್ರ ಬಿಟ್ಟು ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರುತ್ತಿದ್ದೆ. ನಲವತ್ತು ದಾಟುತ್ತಿದ್ದ ಬೆನ್ನಿಗೆ ಆ ರಸ್ತೆಯ ಒಂದೊಂದು ಗುಂಡಿಯೂ ಗೊತ್ತಿತ್ತು.

ಕೋರ್ಟಿನಲ್ಲಿ ನನ್ನ ಕೆಲಸ ಸಾಕ್ಷಿಗಳ ಹೇಳಿಕೆ ಟೈಪು ಮಾಡುವುದು. ಗಡಿ ಹಳ್ಳಿಗಳಿಂದ ಬಂದವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳುತ್ತಿದ್ದರು. ಜಡ್ಜ್ ಸಾಹೇಬರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು. ಅವರಿಗೆ ಯಾವುದಾದರೂ ಕನ್ನಡ ಮಾತು ತಿಳಿಯದಿದ್ದರೆ ನನ್ನತ್ತ ನೋಡುತ್ತಿದ್ದರು, ನಾನು ಅರ್ಥ ಹೇಳುತ್ತಿದ್ದೆ. ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರೊಬ್ಬರು ನನಗೆ ಒಂದೇ ಒಂದು ಬುದ್ಧಿ ಹೇಳಿದ್ದರು: ಹೇಳಿದ್ದನ್ನು ಬಿಡಬೇಡ, ಹೇಳದ್ದನ್ನು ಸೇರಿಸಬೇಡ. ಹಗಲೆಲ್ಲಾ ಆ ಮಾತಿನಂತೆ ನಡೆದುಕೊಂಡು, ಸಂಜೆ ರೂಮಿಗೆ ಬಂದು ಕತೆ ಬರೆಯಲು ಕೂರುತ್ತಿದ್ದೆ. ಆಗಲೇ ನನ್ನ ನಾಲ್ಕೈದು ಕತೆಗಳು ಬೆಂಗಳೂರಿನ ವಾರಪತ್ರಿಕೆಗಳಲ್ಲಿ ಬಂದಿದ್ದವು. ನಮ್ಮ ಕಡೆ ಅವನ್ನು ಓದುವವರು ಕಡಿಮೆ. ಕೋರ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಸೆಟ್ಟೂರಿನ ಕಡೆಯ ಒಂದು ಜಮೀನಿನ ಭಾಗದ ಕೇಸು ಬಂತು. ಅಣ್ಣ ತಮ್ಮಂದಿರ ಜಗಳ. ಅವರ ಅಕ್ಕ ತನ್ನ ಪಾಲು ಬಿಟ್ಟುಕೊಟ್ಟಿದ್ದಾಳೆ ಎಂದು ದೊಡ್ಡ ತಮ್ಮ ಒಂದು ಪತ್ರ ತೋರಿಸಿದ್ದ. ಅದರ ಮೇಲೆ ಹೆಬ್ಬೆಟ್ಟಿನ ಗುರುತಿತ್ತು. ಅದು ಸುಳ್ಳು ಪತ್ರ ಎಂದು ಚಿಕ್ಕವನು. ಆ ಅಕ್ಕನನ್ನು ಸಾಕ್ಷಿ ಕಟ್ಟೆಗೆ ಕರೆದರು. ಐವತ್ತೈದರ ಆಸುಪಾಸಿನ ಹೆಂಗಸು, ಗಂಡ ಸತ್ತ ಮೇಲೆ ಭಾವನ ಮನೆಯಲ್ಲಿ ಉಣ್ಣೆ ನೂತು ಬದುಕುತ್ತಿದ್ದವಳು. ಲಾಯರು ಪತ್ರ ತೋರಿಸಿ ಮೊದಲು ತೆಲುಗಿನಲ್ಲಿ ಕೇಳಿದರು, "ಈ ವೇಲಿಮುದ್ರ ನೀದೇನಾ ಅಮ್ಮಾ?" ಆಮೇಲೆ ಕನ್ನಡದಲ್ಲಿ, "ಈ ಹೆಬ್ಬೆಟ್ಟು ನಿಂದೇನಮ್ಮಾ?"

ಆಕೆ ಪತ್ರ ನೋಡಿದಳು. ಎದುರಿಗೆ ಕೂತಿದ್ದ ತಮ್ಮಂದಿರಿಬ್ಬರನ್ನೂ ನೋಡಿದಳು. ಮಾತಾಡಲಿಲ್ಲ. ಲಾಯರು ಮತ್ತೆ ಕೇಳಿದರು, ಸಾಹೇಬರೂ ಕೇಳಿದರು, ಭಯಪಡಬೇಡ ಎಂದು ಹೇಳಿಸಿದರು. ಆಕೆಗೆ ಭಯವಿದ್ದಂತೆ ನನಗೆ ಕಾಣಲಿಲ್ಲ. ಎರಡೂ ಕೈಗಳನ್ನು ಕಟಕಟೆಯ ಮೇಲಿಟ್ಟು, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದಳು. ಕೊನೆಗೆ ಸಾಹೇಬರು ಹೇಳಿದ ಒಂದು ಸಾಲನ್ನು ನಾನು ಟೈಪು ಮಾಡಿದೆ: ಸಾಕ್ಷಿ ಉತ್ತರಿಸಲಿಲ್ಲ. ಆಕೆ ಕೆಳಗಿಳಿದು ಹೋದಳು. ಕೆಲವು ತಿಂಗಳ ನಂತರ ಊರಿನ ಹಿರಿಯರು ಕೂತು ರಾಜಿ ಮಾಡಿಸಿದರಂತೆ, ಕೇಸು ಮುಗಿಯಿತು.

ನನಗೆ ಮುಗಿಯಲಿಲ್ಲ. ಹದಿನೈದು ವರ್ಷದ ನೌಕರಿಯಲ್ಲಿ ಸಾವಿರಾರು ಮಾತು ಟೈಪು ಮಾಡಿದ್ದೆ, ಸುಳ್ಳು ನಿಜ ಎರಡೂ. ಯಾರೋ ಹೇಳದೇ ಬಿಟ್ಟದ್ದನ್ನು ಟೈಪು ಮಾಡಿದ್ದು ಅದೇ ಮೊದಲು. ಇದೇ ನನ್ನ ಕಾದಂಬರಿ ಅನ್ನಿಸಿತು.

ಬರೆಯಲು ಕೂತಾಗ ತಿಳಿಯಿತು, ಆಕೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಉಣ್ಣೆ ನೂಲುವುದು ಹೇಗೆಂದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು ಎನ್ನುವುದು ಅಷ್ಟು ಹೊತ್ತಿಗೆ ನನ್ನ ಕೈಬೆರಳಿಗೇ ಅಂಟಿಹೋಗಿತ್ತು. ಒಂದು ರಜೆಯ ದಿನ ಸೆಟ್ಟೂರಿನ ಬಸ್ಸು ಹತ್ತಿ, ಇಳಿದು ಎರಡು ಮೈಲಿ ನಡೆದು ಅವರ ಊರಿಗೆ ಹೋದೆ. ಕಂಬಳಿ ಬೇಕಿತ್ತು ಎಂದೆ. ಆಕೆಯ ಭಾವ ಮನೆಯ ಮುಂದಿನ ಗುಂಡಿ ಮಗ್ಗದಲ್ಲಿ ಕೂತಿದ್ದರು. ಆಕೆ ಜಗಲಿಯ ಮೇಲೆ ನೂಲುತ್ತಿದ್ದಳು. ನನ್ನ ಗುರುತು ಆಕೆಗೆ ಹತ್ತಲಿಲ್ಲ. ಕೋರ್ಟಿನಲ್ಲಿ ಮಿಷನ್ನಿನ ಹಿಂದೆ ಕೂತವನ ಮುಖವನ್ನು ಯಾರು ನೋಡುತ್ತಾರೆ?

ಹಾಗೆ ಶುರುವಾದದ್ದು ಮೂರು ವರ್ಷ ನಡೆಯಿತು. ಕಂಬಳಿ ಬಗ್ಗೆ ಬರೆಯುತ್ತಿದ್ದೇನೆ ಎಂದು ಹೇಳಿಕೊಂಡಿದ್ದೆ, ಅದು ಅರ್ಧ ನಿಜ. ತಿಂಗಳಿಗೊಮ್ಮೆ, ಕೆಲವು ಸಲ ಎರಡು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ನೂಲಿಗೆ ಹುಣಸೆ ಬೀಜದ ಗಂಜಿ ಹಾಕುವುದನ್ನು ನೋಡಿ ಬರೆದುಕೊಂಡೆ. ಬಾವಿಗೆ ಎಷ್ಟು ಮೆಟ್ಟಿಲು, ಬಾಗಿಲಿಗೆ ಯಾವ ಬಣ್ಣ, ಹಟ್ಟಿಯಿಂದ ಕುರಿ ಯಾವ ಹೊತ್ತಿಗೆ ಬಿಡುತ್ತಾರೆ, ಆಕೆ ಎಲೆ ಅಡಿಕೆ ಚೀಲವನ್ನು ಸೊಂಟದ ಯಾವ ಬದಿಗೆ ಸಿಕ್ಕಿಸಿಕೊಳ್ಳುತ್ತಾಳೆ. ದಪ್ಪ ನೋಟ್‌ಬುಕ್ಕು ತುಂಬಿತು. ಶನಿವಾರ ಮನೆಗೆ ಹೋಗುವುದು ತಪ್ಪುತ್ತಾ ಬಂತು. ಹೆಂಡತಿ ಮೊದಲು ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು.

ಆ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಇನ್ನೂರು ಪುಟ ಬರೆದೆ. ಬರೆಯುವಾಗ ಸಂತೋಷವಾಯಿತೇ ಎಂದರೆ ಇಲ್ಲ. ಒಂದೊಂದು ಸಾಲಿಗೂ ನೋಟ್‌ಬುಕ್ಕು ತಿರುವಿ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಆಕೆ ಕಟಕಟೆ ಹತ್ತುವ ಜಾಗ ಬಂದಾಗ ಮಾತ್ರ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ. ಅಲ್ಲಿ ಬಂದು ನಿಲ್ಲುತ್ತಿದ್ದೆ. ನಿಂತಾಗ ಮತ್ತೆ ಬಾವಿಯ ಬಗ್ಗೆ ಒಂದು ಪುಟ ಸೇರಿಸುತ್ತಿದ್ದೆ.

ದಸರಾ ರಜೆಯಲ್ಲಿ ಹೆಂಡತಿಯ ಕೈಗೆ ಕೊಟ್ಟೆ. ಮಕ್ಕಳ ಉತ್ತರ ಪತ್ರಿಕೆಗಳ ಕಟ್ಟನ್ನು ಆಚೆ ಸರಿಸಿ, ನಾಲ್ಕು ದಿನ ಮಧ್ಯಾಹ್ನ ಕೂತು ಓದಿದಳು. ಐದನೆಯ ದಿನ ಅಕ್ಕಿ ಆರಿಸುತ್ತಾ ಹೇಳಿದಳು.

"ಆ ಯಮ್ಮನ ಮನೆ ಮುಂದೆ ನಿಂತ್ಕಂಡು ಬಾಗ್ಲು, ಹಂಚು, ಮೆಟ್ಲು ಎಲ್ಲಾ ಎಣಿಸಿದ್ದೀರ. ಒಳಕ್ಕೆ ಹೋಗೇ ಇಲ್ಲ."

ಸುಳ್ಳು ಬರೆಯಲಾ ಹಾಗಾದರೆ, ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವಳು ಏರಿಸಲಿಲ್ಲ. ನಂಗೇನು ಗೊತ್ತು, ಓದೋಕೆ ಕೊಟ್ರಿ ಓದಿದೆ, ಎಂದು ಮೊರ ತೆಗೆದುಕೊಂಡು ಒಳಗೆ ಹೋದಳು. ಅವಳ ಮುಖದಲ್ಲಿ ದಣಿವಿತ್ತು. ಮೂರು ವರ್ಷ ಇಬ್ಬರು ಮಕ್ಕಳನ್ನೂ ಮನೆಯನ್ನೂ ಒಬ್ಬಳೇ ನೋಡಿಕೊಂಡದ್ದು ಈ ಇನ್ನೂರು ಪುಟಕ್ಕಾಗಿಯೇ ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ರಜೆ ಮುಗಿದ ಮೊದಲ ಭಾನುವಾರ ಸೆಟ್ಟೂರಿಗೆ ಹೋದೆ. ಆಕೆಯನ್ನೇ ಕೇಳಿಬಿಡುವುದು ಎಂದು ತೀರ್ಮಾನಿಸಿದ್ದೆ. ದಾರಿಯುದ್ದಕ್ಕೂ ಪ್ರಶ್ನೆಯನ್ನು ಹೇಗೆ ಜೋಡಿಸಬೇಕೆಂದು ಯೋಚಿಸಿದೆ. ಲಾಯರುಗಳು ಜೋಡಿಸುವುದನ್ನು ಅಷ್ಟು ವರ್ಷ ನೋಡಿದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಆಕೆ ಕೇಳಿದಳು.

"ಬಂದಾಗ್ಲೆಲ್ಲಾ ಬಾವಿ ಕೇಳ್ತೀಯ, ಮಗ್ಗ ಕೇಳ್ತೀಯ. ಹೆಂಗಿದ್ದೀಯಮ್ಮ ಅಂತ ಒಂದಿನ ಕೇಳ್ಳಿಲ್ಲ. ನಿಂಗೆ ಏನು ಬೇಕಪ್ಪ ನಿಜವಾಗ್ಲೂ?"

ಹೇಳಿದೆ. ನಾನು ಕೋರ್ಟಿನ ಟೈಪಿಸ್ಟು, ಆವತ್ತು ಅಲ್ಲಿದ್ದೆ, ನೀವು ಸುಮ್ಮನೆ ನಿಂತದ್ದನ್ನು ಇಟ್ಟುಕೊಂಡು ಒಂದು ಕತೆ ಬರೆಯುತ್ತಿದ್ದೇನೆ ಎಂದೆ. ಆಕೆಯ ಕೈ ನಿಂತಿತು. ಆಮೇಲೆ ನೋಟ್‌ಬುಕ್ಕಿಗೆ ಕೈ ನೀಡಿದಳು. ಓದು ಬರದವಳು, ಪುಟ ಪುಟವನ್ನೂ ತಿರುವಿ ನೋಡಿ, ನನಗೇ ಕೊಟ್ಟು, ಓದು ಎಂದಳು.

ಓದಿದೆ. ಆಕೆಯ ಬಾಗಿಲು, ಆಕೆಯ ಎಲೆ ಅಡಿಕೆ ಚೀಲ, ಸೀರೆಯ ತೇಪೆ, ಕೆಮ್ಮು ಬಂದಾಗ ಗೋಡೆ ಹಿಡಿಯುವುದು, ವಾರಗಿತ್ತಿಯ ಜೊತೆ ಆಡಿದ ಮಾತು. ಕೋರ್ಟಿನಲ್ಲಿ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳುವ ಪದ್ಧತಿಯಿದೆ, ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದ್ದಾರೆ ಎಂದು ಕೊನೆಗೆ ಬರೆಯುತ್ತೇವೆ. ಅಂಥ ಸಾವಿರ ಹೇಳಿಕೆ ನಾನೇ ಓದಿದ್ದೆ. ಆವತ್ತು ಜಗಲಿಯ ಮೇಲೆ ಮೂರನೆಯ ಪುಟಕ್ಕೇ ಓದುವುದು ನಿಧಾನವಾಯಿತು. ಎಲ್ಲವೂ ಸರಿಯಿತ್ತು, ಒಂದೂ ತಪ್ಪಿರಲಿಲ್ಲ. ಕದ್ದ ಮಾಲನ್ನು ಮಾಲೀಕರ ಮುಂದೆ ಒಂದೊಂದಾಗಿ ಹೊರಗಿಡುತ್ತಿದ್ದೇನೆ ಅನ್ನಿಸಿತು.

ಸಾಕು ಬಿಡು ಎಂದು ಆಕೆಯೇ ತಡೆದಳು. ಸಿಟ್ಟಿರಲಿಲ್ಲ. ನೂಲುವುದಕ್ಕೆ ಮತ್ತೆ ಶುರು ಮಾಡಿ, ನನ್ನ ಕಡೆ ನೋಡದೆ ಹೇಳಿದಳು.

"ಈ ಬಾವಿ ಈ ಬಾಗ್ಲು ಬರುದ್ರೆ ಅದು ನಾನೇ ಅಂತ ಊರೋರಿಗೆಲ್ಲಾ ಗೊತ್ತಾಯ್ತದೆ. ನನ್ನ ತಮ್ಮಂದ್ರು ಈಗ ಒಂದೇ ಪಂಕ್ತೀಲಿ ಉಂಬ್ತಾವ್ರೆ. ಅದನ್ನೆಲ್ಲಾ ಬಿಟ್ಬುಡು ಕಣಪ್ಪ. ಯಾಕೆ ಸುಮ್ನೆ ನಿಂತೆ ಅಂತ ನಿಂಗೆ ಬೇಕು, ಅದನ್ನ ನಾನು ಹೇಳಲ್ಲ. ಅದನ್ನ ನೀನೇ ಏನಾದ್ರೂ ಮಾಡ್ಕ."

ನೋಟ್‌ಬುಕ್ಕನ್ನು ಆಕೆಯ ಪಕ್ಕದಲ್ಲಿಟ್ಟು ಎದ್ದೆ. ಆಕೆ ಉಣ್ಣೆಯ ಬುಟ್ಟಿಯನ್ನು ಸ್ವಲ್ಪ ಸರಿಸಿ ಅದರ ಕೆಳಗೆ ಇಟ್ಟುಕೊಂಡಳು. ಮಜ್ಜಿಗೆ ಕುಡಿದು ಹೋಗು ಎಂದು ಆಕೆಯ ಭಾವ ಕರೆದರು. ಕುಡಿದು ಹೊರಟೆ. ಮತ್ತೆ ಆ ಊರಿಗೆ ನಾನು ಹೋಗಲಿಲ್ಲ.

ಇನ್ನೂರು ಪುಟ ರೂಮಿನ ಟ್ರಂಕಿನಲ್ಲಿ ಉಳಿಯಿತು. ಬಾವಿ ತೆಗೆದು ನೋಡಿದೆ, ಮಗ್ಗ ತೆಗೆದು ನೋಡಿದೆ. ತೆಗೆಯುತ್ತಾ ಹೋದರೆ ಉಳಿಯುವುದು ಒಂದು ಹೆಂಗಸು, ಒಂದು ಕಟಕಟೆ. ಆಕೆಯ ಬಾಯಿಗೆ ಏನಾದರೂ ಮಾತು ಕೊಡೋಣವೆಂದರೆ, ನಾನು ಕೊಟ್ಟದ್ದೆಲ್ಲಾ ಲಾಯರು ಹೇಳಿಕೊಟ್ಟ ಹಾಗೆ ಕೇಳಿಸುತ್ತಿತ್ತು. ಸುಸ್ತಾಗಿತ್ತು. ಬರೆಯುವುದನ್ನು ಬಿಟ್ಟೆ. ಮರುವರ್ಷ ಹಿಂದೂಪುರಕ್ಕೆ ವರ್ಗವಾಯಿತು. ಮನೆಯಿಂದ ಕೋರ್ಟಿಗೆ ನಡೆದೇ ಹೋಗುವಷ್ಟು ಹತ್ತಿರ. ಟೈಪ್‌ರೈಟರುಗಳನ್ನು ಮೂಲೆಗೆ ಸೇರಿಸಿ ಕಂಪ್ಯೂಟರು ತಂದಿದ್ದರು, ಅದನ್ನು ಕಲಿಯುವುದರಲ್ಲಿ ಒಂದು ವರ್ಷ ಕಳೆಯಿತು. ಸಂಜೆ ಮನೆಗೆ ಬಂದು ಟೀವಿ ಮುಂದೆ ಕೂರುತ್ತಿದ್ದೆ.

ಆ ದಿನಗಳಲ್ಲೇ ನನ್ನ ತಂಗಿ ಜ್ವರ ಬಂದು ಮಲಗಿದ್ದಾಳೆ ಎಂದು ರೊದ್ದಂ ಕಡೆಯಿಂದ ಫೋನು ಬಂತು. ಅವಳು ಅಲ್ಲಿಯ ಒಂದು ಹಳ್ಳಿಯಲ್ಲಿ ಎರಡು ಎಮ್ಮೆ ಕಟ್ಟಿಕೊಂಡು ಇದ್ದಳು. ಗಂಡ ತೀರಿಕೊಂಡು ಆರೇಳು ವರ್ಷವಾಗಿತ್ತು, ಮಗಳಿಗೆ ಮದುವೆಯಾಗಿತ್ತು. ರಜೆ ಹಾಕಿ ಹೋಗಿ ಮೂರು ದಿನ ಇದ್ದೆ. ಗಂಜಿ ಕಾಯಿಸಿಕೊಡುವುದು, ಎಮ್ಮೆಗೆ ಹುಲ್ಲು ಹಾಕುವುದು. ಹಾಲು ಕರೆಯಲು ಪಕ್ಕದ ಮನೆಯವರು ಬರುತ್ತಿದ್ದರು.

ಎರಡನೆಯ ದಿನ ಎಮ್ಮೆಗಳ ಮುಂದೆ ನಿಂತಿದ್ದಾಗ, ಯಾವ ಕಾರಣವೂ ಇಲ್ಲದೆ, ಇಪ್ಪತ್ತು ವರ್ಷದ ಹಿಂದಿನ ಒಂದು ಬೆಳಗ್ಗೆ ಕಣ್ಣ ಮುಂದೆ ಬಂತು. ನಮ್ಮದು ಹಿಂದೂಪುರದ ಹುಣಸೆ ಮಂಡಿಯ ಹತ್ತಿರದ ಮನೆ. ಅಮ್ಮ, ತಂಗಿ ಮಂಡಿಯಿಂದ ಹಣ್ಣು ತಂದು ಬೀಜ ಬಿಡಿಸಿಕೊಡುತ್ತಿದ್ದರು. ತಂಗಿಗೆ ಮೂರು ಸಂಬಂಧ ಬಂದು ತಪ್ಪಿಹೋಗಿದ್ದವು. ನಾಲ್ಕನೆಯದು ಬಂದಾಗ ಅಪ್ಪ ನನ್ನನ್ನು ಹುಡುಗನ ಊರಿಗೆ ಕಳಿಸಿದ, ವಿಚಾರಿಸಿಕೊಂಡು ಬಾ ಎಂದು. ವಿಚಾರಿಸಿದೆ. ಆಗಲೂ ನಾನು ಚೆನ್ನಾಗಿಯೇ ವಿಚಾರಿಸುತ್ತಿದ್ದೆ. ಹೋಟೆಲಿನವನನ್ನು ಕೇಳಿದೆ, ಕ್ಷೌರದಂಗಡಿಯಲ್ಲಿ ಕೂತೆ. ಹುಡುಗನಿಗೆ ಪಕ್ಕದ ಊರಿನಲ್ಲಿ ಇನ್ನೊಬ್ಬಳಿದ್ದಾಳೆ, ಒಂದು ಮಗುವೂ ಇದೆ ಎಂದು ಇಬ್ಬರು ಹೇಳಿದರು. ವಾಪಸ್ಸು ಬಂದಾಗ ಗಂಡಿನ ಕಡೆಯವರು ಆಗಲೇ ಬಂದು ಕೂತಿದ್ದರು. ಎಲ್ಲರ ಮುಂದೆ ಅಪ್ಪ ಕೇಳಿದ, ಎಲ್ಲಾ ಸರೀಗದೆಯೇನಪ್ಪಾ, ಎಂದು. ನಾನು ಮಾತಾಡಲಿಲ್ಲ. ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿ, ಎಲೆ ಅಡಿಕೆ ತಟ್ಟೆಯನ್ನು ಗಂಡಿನವರ ಮುಂದಕ್ಕೆ ತಳ್ಳಿದ.

ಇದನ್ನು ನಾನು ಮರೆತಿರಲಿಲ್ಲ. ಆದರೆ ಸೆಟ್ಟೂರಿನ ಹೆಂಗಸಿಗೂ ಇದಕ್ಕೂ ಏನಾದರೂ ಸಂಬಂಧವಿದೆ ಎಂದು ಆ ಮೂರು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಹುಲ್ಲಿನ ಕಂತೆ ಕೈಯಲ್ಲೇ ಇತ್ತು. ಒಳಗೆ ಹೋಗಿ, ಮಂಚದ ಮೇಲೆ ಮಲಗಿದ್ದ ತಂಗಿಗೆ ಹೇಳಿದೆ. ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ ಎಂದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಅವಳ ಗಂಡ ಹೇಗಿದ್ದ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಚೆನ್ನಾಗಿರಲಿಲ್ಲ.

"ನಾನು ಬಾಗ್ಲ ಹಿಂದೇನೆ ಇದ್ನಲ್ಲಣ್ಣ," ಎಂದಳು. "ನೀನು ಬಾಯಿ ಬಿಡ್ದೆ ಇದ್ದಾಗ್ಲೇ ಗೊತ್ತಾಯ್ತು, ಏನೋ ಅದೆ ಅಂತ. ನಾನೂ ಬಾಯಿ ಬಿಡ್ಲಿಲ್ಲ."

"ಯಾಕಮ್ಮ?"

"ಅಪ್ಪ ಸುಸ್ತಾಗಿದ್ದ ಕಣಣ್ಣ."

ಅಷ್ಟು ಹೇಳಿ ನೀರು ಕೇಳಿದಳು. ಕುಡಿದು ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಅಳು ಬರಲಿಲ್ಲ. ಮರುದಿನ ಜ್ವರ ಇಳಿದಾಗ, ಇದನ್ನು ಕತೆಯಲ್ಲಿ ತರಬಹುದೇ ಎಂದು ಕೇಳಿದೆ. ಹಿಂದೆ ಒಬ್ಬರ ಹತ್ತಿರ ಕೇಳದೆ ತಪ್ಪು ಮಾಡಿದ್ದೇನೆ, ಅದಕ್ಕೆ ಕೇಳುತ್ತಿದ್ದೇನೆ ಎಂದೆ. ತಂಗಿ ನಕ್ಕಳು. ಇದನ್ನ ಯಾರು ಓದ್ತಾರಣ್ಣ ಎಂದಳು.

ಹಿಂದೂಪುರಕ್ಕೆ ಬಂದು ಮೊದಲಿನಿಂದ ಬರೆದೆ. ಈ ಸಲ ಪಕ್ಕದಲ್ಲಿ ನೋಟ್‌ಬುಕ್ಕಿರಲಿಲ್ಲ. ಕುರಿ, ಕಂಬಳಿ, ಕೋರ್ಟು ಎಲ್ಲಾ ಹೋಯಿತು. ಹುಣಸೆ ಮಂಡಿಯಲ್ಲಿ ಬೀಜ ಬಿಡಿಸುವ ಒಬ್ಬ ಹೆಂಗಸು ಬಂದಳು. ಅವಳನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಒಂದು ಬೀಗದ ಕೈ ತೋರಿಸಿ, ಇದು ನಿನ್ನದೇನಾ ಎಂದು ಕೇಳುತ್ತಾರೆ. ಅವಳು ಉತ್ತರಿಸುವುದಿಲ್ಲ. ಅವಳಿಗೆ ಯಾಕೆ ಆಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ನಿಜದಲ್ಲಿ ಸೆಟ್ಟೂರಿನಾಕೆಗೆ ಯಾಕೆ ಆಗಲಿಲ್ಲ ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಆಕೆಯ ಕಾರಣ ಬೇರೆಯೇ ಇರಬಹುದು. ಅದನ್ನು ಆಕೆಗೇ ಬಿಟ್ಟೆ.

ಅಷ್ಟು ದಿನದ ತಿರುಗಾಟ ದಂಡವಾಯಿತೇ ಎಂದು ಕೇಳಿಕೊಂಡಿದ್ದೇನೆ. ಪೂರ್ತಿ ಹಾಗೆ ಹೇಳಲಾರೆ. ನೂಲುವವಳ ಎದುರು ಮೂರು ವರ್ಷ ಕೂತದ್ದರಿಂದ, ಕೈಕೆಲಸದಲ್ಲಿರುವ ಹೆಂಗಸು ಹೇಗೆ ಮಾತಾಡುತ್ತಾಳೆ, ಎಲ್ಲಿ ನಿಲ್ಲಿಸುತ್ತಾಳೆ ಎನ್ನುವುದು ಕಿವಿಗೆ ಬಿದ್ದಿತ್ತು. ಅದನ್ನು ನಾನು ಬರೆದುಕೊಂಡಿರಲಿಲ್ಲ, ಆದ್ದರಿಂದ ಬಿಟ್ಟುಬರಲೂ ಆಗಲಿಲ್ಲ. ಬರೆದುಕೊಂಡದ್ದು ಮಾತ್ರ ಒಂದೂ ಉಪಯೋಗಕ್ಕೆ ಬರಲಿಲ್ಲ.

ಎರಡು ವರ್ಷ ಹಿಡಿಯಿತು. ನೂರು ಪುಟಕ್ಕೂ ಕಡಿಮೆಯ ಪುಸ್ತಕ. ತುಮಕೂರಿನ ಒಬ್ಬ ಪರಿಚಿತರು ತಮ್ಮ ಪ್ರೆಸ್ಸಿನಲ್ಲಿ ಅಚ್ಚು ಮಾಡಿಕೊಟ್ಟರು. ಹೆಂಡತಿ ಅಚ್ಚಾದ ಮೇಲೆಯೇ ಓದಿದಳು. ಓದಿ, ಮುಂದಿನ ಭಾನುವಾರ ನಿಮ್ಮ ತಂಗೀನ ಕರ್ಕೊಂಡು ಬನ್ನಿ, ನಾಲ್ಕು ದಿನ ಇಲ್ಲೇ ಇರಲಿ ಎಂದಳು.

ಓದಿದವರು ಒಂದಿಬ್ಬರು ಕಾಗದ ಬರೆದರು. ಅದರಲ್ಲಿ ಒಂದು ಮಧುಗಿರಿ ಕಡೆಯ ಒಬ್ಬ ರೈತರದ್ದು, ಇನ್‌ಲ್ಯಾಂಡ್ ಲೆಟರಿನಲ್ಲಿ ಗುಂಡು ಗುಂಡು ಅಕ್ಷರ. ಆ ಹೆಂಗಸು ಉತ್ತರ ಕೊಡದೆ ನಿಂತ ಜಾಗದಲ್ಲಿ ತಮಗೆ ತಮ್ಮ ಅತ್ತಿಗೆಯ ನೆನಪಾಯಿತು ಎಂದು ಬರೆದಿದ್ದರು. ಕೊನೆಗೆ ಒಂದು ಮಾತು ಸೇರಿಸಿದ್ದರು. ಮಂಡಿಗೆ ಹೊಸ ಹುಣಸೆ ಹಣ್ಣು ಬರುವ ಕಾಲ ಎಂದು ಬರೆದಿದ್ದೀರಿ, ಅದೇ ಪುಟದಲ್ಲಿ ಅವಳು ತಲೆಯೆತ್ತಿ ಹುಣಸೆ ಮರದ ಹೂವು ನೋಡುತ್ತಾಳೆ, ಹಣ್ಣು ಬಡಿಯುವ ಬೇಸಿಗೆಯಲ್ಲಿ ಹೂವು ಎಲ್ಲಿರುತ್ತದೆ ಸ್ವಾಮಿ, ಮಳೆ ಬಿದ್ದ ಮೇಲಲ್ಲವೇ ಹೂ ಬಿಡುವುದು?

ಅವರು ಹೇಳಿದ್ದು ಸರಿ. ಊರಲ್ಲದ ಊರಿನ ಬಾವಿಯ ಮೆಟ್ಟಿಲು ಎಣಿಸಿ ಬಂದವನು ಹುಟ್ಟಿದ ಬೀದಿಯ ಮರವನ್ನು ನೋಡಿರಲಿಲ್ಲ. ಗೊತ್ತಿದೆ ಎಂದುಕೊಂಡಿದ್ದೆ. ಅವಳ ಮನಸ್ಸಿಗೆ ಆ ಗಳಿಗೆಯಲ್ಲಿ ಹೂವು ಬೇಕು ಅನ್ನಿಸಿತ್ತು, ಬರೆದುಬಿಟ್ಟಿದ್ದೆ. ಆ ಹೂವು ನನ್ನ ಸೋಮಾರಿತನ, ಕಲ್ಪನೆ ಎಂದು ಅದಕ್ಕೆ ಹೆಸರು ಕೊಟ್ಟರೆ ತಪ್ಪಾಗುತ್ತದೆ. ಅವರಿಗೆ ಉತ್ತರ ಬರೆದೆ, ತಪ್ಪು ಒಪ್ಪಿಕೊಂಡೆ.

ಎರಡನೆಯ ಮುದ್ರಣ ಬಂದರೆ ತಿದ್ದಬಹುದಿತ್ತು. ಬರಲಿಲ್ಲ. ಮಾರಾಟವಾಗದ ಪ್ರತಿಗಳ ಒಂದು ಕಟ್ಟು ಮನೆಗೆ ವಾಪಸ್ಸು ಬಂತು. ಒಂದು ಭಾನುವಾರ ಮಧ್ಯಾಹ್ನ ಅವನ್ನು ನೆಲದ ಮೇಲೆ ಹರಡಿಕೊಂಡು ಕೂತೆ. ಹೆಂಡತಿ ಬಂದು ಎದುರಿಗೆ ಕೂತಳು. ಅವಳು ಒಂದೊಂದೇ ಪುಸ್ತಕದ ಆ ಪುಟ ತೆರೆದು ಹಿಡಿಯುತ್ತಿದ್ದಳು, ನಾನು ಪೆನ್ನಿನಿಂದ ಹೂವು ಎನ್ನುವ ಮಾತನ್ನು ಹೊಡೆದುಹಾಕಿ ಎಲೆ ಎಂದು ಬರೆಯುತ್ತಿದ್ದೆ. ಅರ್ಧ ಕಟ್ಟು ಮುಗಿದಾಗ ಕೈ ನೋಯತೊಡಗಿತು. ಉಳಿದದ್ದನ್ನು ನಾಳೆ ಮಾಡಿದರಾಯಿತು ಎಂದಳು. ಹೂಂ ಎಂದು ಗೋಡೆಗೆ ಒರಗಿದೆ. ಅವಳು ತಿದ್ದಿದವನ್ನು ಒಂದು ಕಡೆ, ತಿದ್ದದವನ್ನು ಇನ್ನೊಂದು ಕಡೆ ಜೋಡಿಸಿಟ್ಟು ಟೀ ಮಾಡಲು ಎದ್ದಳು.